ಡಬ್ಬಿ ಕ್ಯಾಮೆರಾ ಮತ್ತು ತಾವರೆ ಅಂಚು

ಕೊಳ್ಳೇಗಾಲ
3-8-1953

ತಮ್ಮ ಚೌಡೇಶನಿಗೆ ಅಕ್ಕ ಭಾಗ್ಯಮ್ಮನ ಆಶೀರ್ವಾದ.

ಇಲ್ಲಿ ನಾನೂ ಅಪ್ಪನೂ ಕ್ಷೇಮ. ಅಪ್ಪ ಬೆಳಕು ಹರಿಯುತ್ತಲೇ ಮಗ್ಗದ ಗುಂಡಿಗೆ ಇಳಿದರೆ ಊಟಕ್ಕೆ ಕೂಗಿದಾಗಲೇ ಮೇಲೆ ಬರುವುದು. ನೀನು ಊರಿಗೆ ಬಂದು ಮೂರು ವರ್ಷವಾಯಿತು ಅಂತ ನಾನು ಜ್ಞಾಪಿಸುವುದಿಲ್ಲ. ಜ್ಞಾಪಿಸಿದರೆ ರಜೆ ಇಲ್ಲ ಅಂತ ಬರೆಯುತ್ತೀಯ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಒಂದು ಕ್ಯಾಮೆರಾ ಬೇಕು. ನಗಬೇಡ. ನಾಲ್ಕು ವರ್ಷದಿಂದ ಮೈಸೂರಿನ ಸ್ಟುಡಿಯೋದಲ್ಲಿ ಫೋಟೋ ತೊಳೆದು, ಜನರ ಮುಖದ ಸಿಡುಬಿನ ಕಲೆ ತಿದ್ದುತ್ತ ಕೂತಿರುವ ತಮ್ಮನನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ? ತುಂಬಾ ದುಡ್ಡಿನದು ಬೇಡ. ಹೊಸಬರು ಹಿಡಿದರೂ ಕೆಡದೆ ಇರುವಂಥದ್ದು ಬೇಕು. ನಮ್ಮ ಬೀದಿಯ ಹೆಂಗಸರು ಸ್ಟುಡಿಯೋದ ಗಂಡಸಿನ ಮುಂದೆ ಕೂರಲು ನಾಚುತ್ತಾರೆ. ಅವರ ಫೋಟೋ ನಾನೇ ತೆಗೆಯೋಣ ಅಂತ. ದೀಪಾವಳಿಗೆ ಮುಂಚೆ ಬೇಕು.

ಈ ಊರಿನ ಸ್ಟುಡಿಯೋದವನಿಗೆ ವಿಷಯ ತಿಳಿಯಬಾರದು. ನೀನೂ ಯಾರಿಗೂ ಹೇಳಬೇಡ.

ಭಾಗ್ಯಮ್ಮ


ಮೈಸೂರು
10-8-1953

ಅಕ್ಕನಿಗೆ ಚೌಡೇಶನ ನಮಸ್ಕಾರ.

ಬೇಡ ಅಂದರೂ ನಕ್ಕೆ. ನಮ್ಮ ಯಜಮಾನರಿಗೂ ಹೇಳಬೇಕು ಅನ್ನಿಸಿತು, ನೀನು ಬೈಯುತ್ತೀಯ ಅಂತ ಹೇಳಲಿಲ್ಲ.

ಕ್ಯಾಮೆರಾ ಅಂದರೆ ಲಟ್ಟಣಿಗೆಯಲ್ಲ ಅಕ್ಕ, ಸಂತೆಯಲ್ಲಿ ಆರಿಸಿ ತರುವುದಕ್ಕೆ. ಅಗ್ಗದ್ದು ಅಂದರೆ ಡಬ್ಬಿ ಕ್ಯಾಮೆರಾ. ಮುಂದೆ ಒಂದು ಗಾಜು, ಪಕ್ಕದಲ್ಲಿ ಫೋಟೋ ತೆಗೆಯಲು ಒತ್ತುವ ಒಂದು ಸನ್ನೆ, ಒಳಗೆ ಎಂಟು ಫೋಟೋದ ಫಿಲ್ಮು. ದೂರ ಹತ್ತಿರ ಅಂತ ತಿರುಗಿಸುವ ಹಾಗಿಲ್ಲ, ಬೆಳಕು ಹೆಚ್ಚು ಕಡಿಮೆ ಮಾಡುವ ಹಾಗಿಲ್ಲ. ಅದರಲ್ಲಿ ತೆಗೆದದ್ದನ್ನು ಇಲ್ಲಿ ನಾವು ಮಕ್ಕಳಾಟ ಅನ್ನುತ್ತೇವೆ. ಇನ್ನೊಂದು ಮಡಚುವ ಕ್ಯಾಮೆರಾ. ಚರ್ಮದ ತಿದಿ ಎಳೆದರೆ ಗಾಜು ಮುಂದೆ ಬರುತ್ತದೆ, ಹತ್ತಿರದ್ದನ್ನೂ ಒಂದು ಮಟ್ಟಿಗೆ ಹಿಡಿಯುತ್ತದೆ. ಆದರೆ ಬೆಲೆ ನಾಲ್ಕೈದು ಪಟ್ಟು, ಕಲಿಯಲು ಆರು ತಿಂಗಳು.

ಮೊದಲ ಸಲ ಕೊಳ್ಳುವವರೆಲ್ಲ ಬೆಲೆ ನೋಡಿ ಮೋಸ ಹೋಗುತ್ತಾರೆ. ನನ್ನ ಮಾತು ಕೇಳು, ಸಂಕ್ರಾಂತಿ ಕಳೆಯಲಿ. ಯಾರಾದರೂ ಹಳೆಯ ಮಡಚುವ ಕ್ಯಾಮೆರಾ ಮಾರಲು ಬಂದರೆ ನೋಡೋಣ. ಅಲ್ಲಿಯವರೆಗೆ ನಿನ್ನ ನಾಚಿಕೆಯ ಹೆಂಗಸರು ಹಾಗೇ ನಾಚಿಕೊಂಡಿರಲಿ.

ಅಪ್ಪನಿಗೆ ನೂಲು ಕೊಡುವ ಪುಟ್ಟಮಲ್ಲಪ್ಪನವರ ಅಂಗಡಿಗೆ ಹೋದರೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ್ದರಿಂದಲೇ ನನಗೆ ಈ ಕೆಲಸ ಸಿಕ್ಕಿದ್ದು ಅನ್ನುವುದನ್ನು ಮರೆಯಬಾರದು.

ಚೌಡೇಶ


ಕೊಳ್ಳೇಗಾಲ
14-8-1953

ಚೌಡೇಶ,

ಸಂಕ್ರಾಂತಿಗೆ ನನಗೆ ಕ್ಯಾಮೆರಾ ಬೇಡ. ಆಗ ನೀನೇ ಇಟ್ಟುಕೊಂಡು ಎಳ್ಳು ಬೀರು. ದೀಪಾವಳಿಗೆ ಮುಂಚೆ ಅಂತ ಬರೆದಿದ್ದೆ, ಕಣ್ಣು ಮುಚ್ಚಿಕೊಂಡು ಓದಿದೆಯಾ?

ಲಟ್ಟಣಿಗೆಯ ಮಾತು ಬರೆದಿದ್ದೀಯ. ಅದೇ ಲಟ್ಟಣಿಗೆಯ ರೊಟ್ಟಿ ತಿಂದು ಬೆಳೆದವನು ನೀನು. ಯಳಂದೂರಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ ಎಂಟು ವರ್ಷದಿಂದ ಈ ಕೈ ಕೂದಲಿಗಿಂತ ಸಣ್ಣ ರೇಷ್ಮೆ ಎಳೆ ಹುರಿ ಮಾಡಿದೆ. ಒಂದು ಡಬ್ಬಿಯ ಸನ್ನೆ ಒತ್ತಲು ಬರುವುದಿಲ್ಲವೋ?

ಮಕ್ಕಳಾಟದ್ದೇ ಆಗಲಿ, ಡಬ್ಬಿಯೇ ಕಳಿಸು. ಹುರಿ ಮಾಡಿ ಕೂಡಿಟ್ಟ ಇಪ್ಪತ್ತೆಂಟು ರೂಪಾಯಿಯನ್ನು ಕಾಮಗೆರೆಯ ಚಿಕ್ಕಮಾದಯ್ಯನ ಕೈಯಲ್ಲಿ ಕಳಿಸಿದ್ದೇನೆ. ಅವನು ತಿಂಗಳಿಗೆ ಎರಡು ಸಲ ರೇಷ್ಮೆ ಗೂಡಿನ ವ್ಯಾಪಾರಕ್ಕೆ ಮೈಸೂರಿಗೆ ಬರುತ್ತಾನೆ, ಬಾಯಿ ಬಿಗಿ ಇರುವ ಮನುಷ್ಯ. ಅವನ ಕೈಯಲ್ಲೇ ಕೊಡು.

ಪುಟ್ಟಮಲ್ಲಪ್ಪನಿಗೆ ನಮಸ್ಕಾರ ಬೇಕಿದ್ದರೆ ನೀನೇ ಬಂದು ಹೇಳು. ನನ್ನ ಬಾಯಲ್ಲಿ ಅದು ಬರುವುದಿಲ್ಲ.

ಭಾಗ್ಯಮ್ಮ


ಮೈಸೂರು
29-8-1953

ಅಕ್ಕ,

ನಿನ್ನ ಬಾಯಿಗೆ ಹೆದರಿ ಕಳಿಸಿದ್ದೇನೆ. ಡಬ್ಬಿ ಕ್ಯಾಮೆರಾ, ಎರಡು ಫಿಲ್ಮು. ಅಂಗಡಿಯಲ್ಲಿ ನಾಲ್ಕನ್ನು ತೆಗೆಸಿ ನೋಡಿದೆ. ಒಂದರ ಸನ್ನೆ ಹಿಡಿಯುತ್ತಿತ್ತು, ಒಂದರ ಮುಚ್ಚಳದ ಸಂದಿಯಲ್ಲಿ ಬೆಳಕು ನುಗ್ಗುತ್ತಿತ್ತು. ನಿನಗೆ ಆರಿಸಿದ್ದು ಮುಖ ತೆಗೆಯುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮೂರು ಮಾತು ನೆನಪಿಡು. ಬಿಸಿಲಲ್ಲಿ ತೆಗಿ, ಸೂರ್ಯ ನಿನ್ನ ಬೆನ್ನ ಹಿಂದೆ ಇರಲಿ. ಸನ್ನೆ ಒತ್ತುವಾಗ ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು ಉಸಿರು ಹಿಡಿ. ಹತ್ತು ಅಡಿಗಿಂತ ಹತ್ತಿರ ಹೋಗಬೇಡ. ಈ ಕೊನೆಯದನ್ನು ಮರೆತರೆ ಮಿಕ್ಕದ್ದೆಲ್ಲ ದಂಡ.

ಮೊದಲು ನಮ್ಮ ಬೀದಿಯ ದೇವೀರಮ್ಮತ್ತೆಯ ಫೋಟೋ ತೆಗಿ. ಕೋಪ ಬಂದಾಗ ಆಕೆಯ ಮೂಗು ಹೇಗೆ ಅರಳುತ್ತದೆ ಅಂತ ಯಜಮಾನರಿಗೆ ತೋರಿಸಬೇಕು.

ಚೌಡೇಶ


ಕೊಳ್ಳೇಗಾಲ
12-9-1953

ಚೌಡೇಶ,

ಒಂದು ಫಿಲ್ಮು ಮುಗಿಸಿ ಚಿಕ್ಕಮಾದಯ್ಯನ ಕೈಯಲ್ಲಿ ಕಳಿಸಿದ್ದೇನೆ. ನೀನೇ ತೊಳೆ. ನಿನ್ನ ಯಜಮಾನರಿಗೆ ತೋರಿಸಬೇಡ. ಏನು ಎತ್ತ ಅಂತ ಕೇಳಬೇಡ. ಬೇಗ ಕಳಿಸು.

ಭಾಗ್ಯಮ್ಮ


ಮೈಸೂರು
30-9-1953

ಅಕ್ಕ,

ತಡವಾಯಿತು, ದಸರೆಯ ಮುಂಚಿನ ಗಿರಾಕಿಗಳ ಗಲಾಟೆ.

ಎಂಟಕ್ಕೆ ಎಂಟೂ ಹಾಳು. ಮನೆಯೊಳಗಿನ ಕತ್ತಲಲ್ಲಿ ತೆಗೆದಿದ್ದೀಯ, ಜೊತೆಗೆ ಮೊಳದ ದೂರದಿಂದ. ಹತ್ತು ಅಡಿ ಅಂತ ಬರೆದಿರಲಿಲ್ಲವೇ? ಇದರ ಜೊತೆ ಕಳಿಸಿದ್ದೇನೆ ನೋಡು, ಹಿಟ್ಟು ಕಲಸಿದ ಹಾಗಿದೆ, ಮಗ್ಗದ ಮೇಲಿನ ಸೀರೆ ಅಂತ ಅಂದಾಜಾಗುತ್ತದೆ ಅಷ್ಟೇ. ಹೆಂಗಸರ ಫೋಟೋ ಅಂದವಳು ಸೀರೆಯ ಫೋಟೋ ಯಾಕೆ ತೆಗೆಯಲು ಹೋದೆ?

ಅಕ್ಕ, ನಾನು ಹೇಳುವುದನ್ನು ಸಮಾಧಾನವಾಗಿ ಕೇಳು. ಆ ತಾವರೆ ಅಂಚಿನ ತಂಟೆ ನಮಗೆ ಬೇಡ. ಪುಟ್ಟಮಲ್ಲಪ್ಪನವರು ಕೊಟ್ಟ ನೂಲಿನಲ್ಲಿ ಅಪ್ಪ ನೇಯುತ್ತಾನೆ, ಕೂಲಿ ಬರುತ್ತದೆ, ಮನೆ ನಡೆಯುತ್ತದೆ. ದೊಡ್ಡವರನ್ನು ಎದುರು ಹಾಕಿಕೊಂಡು ಯಾರು ಉದ್ಧಾರವಾಗಿದ್ದಾರೆ? ಇನ್ನೊಂದು ಫಿಲ್ಮಿನಲ್ಲಿ ಮನುಷ್ಯರ ಫೋಟೋ ತೆಗಿ, ಚೆನ್ನಾಗಿ ಬರುತ್ತದೆ.

ಚೌಡೇಶ


ಕೊಳ್ಳೇಗಾಲ
3-10-1953

ಚೌಡೇಶ,

ನಿನ್ನ ಕಾಗದವನ್ನು ಮೂರು ಸಲ ಓದಿದೆ.

ತಾವರೆ ಅಂಚು ಅಂತ ಬರೆದಿದ್ದೀಯ. ನೀನು ಕಳಿಸಿದ ಆ ಎಂಟು ಕಾಗದದ ಮೇಲೆ ತಾವರೆಯೂ ಇಲ್ಲ, ದಾಸವಾಳವೂ ಇಲ್ಲ, ಬರೀ ಹೊಗೆ. ನಾನು ಯಾವ ಕಾಗದದಲ್ಲೂ ಅದರ ಹೆಸರು ಎತ್ತಿಲ್ಲ. ಅಪ್ಪ ಮಗ್ಗದ ದಾರದಲ್ಲಿ ಆ ಹೂವು ಕಟ್ಟಿದ್ದು ಹೋದ ವರ್ಷದ ಯುಗಾದಿ ಕಳೆದ ಮೇಲೆ. ನೀನು ಈ ಮನೆಯ ಹೊಸ್ತಿಲು ತುಳಿದು ಮೂರು ವರ್ಷ. ನಿನಗೆ ಹೇಗೆ ಗೊತ್ತು? ಇದಕ್ಕೆ ಉತ್ತರ ಕೊಡದೆ ಬೇರೆ ಏನೂ ಬರೆಯಬೇಡ.

ನಾನು ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ಈ ಬೇಸಿಗೆಯಲ್ಲಿ ಪುಟ್ಟಮಲ್ಲಪ್ಪ ಆ ಅಂಚಿನ ಸೀರೆಯನ್ನು ಮದರಾಸಿನ ವಸ್ತುಪ್ರದರ್ಶನದಲ್ಲಿ ಇಟ್ಟು, ತಾನೇ ಕಲ್ಪಿಸಿದ್ದು ಅಂತ ಹೇಳಿ ಪದಕ ತಂದ. ಸೀರೆ ಅಲ್ಲೇ ಮಾರಾಟವಾಯಿತು. ಅದರ ಫೋಟೋ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದಾನೆ. ಅಪ್ಪ ಮತ್ತೆ ಗುಂಡಿಗೆ ಇಳಿದು ನೇಯುತ್ತ ಕೂತ. ಆಮೇಲೆ ನೇಕಾರರ ಸಂಘದವರು ಬಂದರು. ಯಾವ ಅಂಚು ಯಾರದ್ದು ಅಂತ ಪುಸ್ತಕದಲ್ಲಿ ಬರೆಯುತ್ತಾರಂತೆ, ಮುಂದೆ ಆ ಅಂಚು ಯಾರು ನೇಯಿಸಿದರೂ ಅದನ್ನು ಕಟ್ಟಿದವನ ಹೆಸರಿನಲ್ಲೇ ಮಾರಬೇಕಂತೆ. ಅರ್ಜಿಗೆ ಅಂಚಿನ ಫೋಟೋ ಅಂಟಿಸಿ ಕೊಯಮತ್ತೂರಿನ ನಮ್ಮ ಜಿಲ್ಲಾ ಕಚೇರಿಗೆ ಕಳಿಸಬೇಕು, ನವೆಂಬರ್ ಕೊನೆಯ ಒಳಗೆ. ಪುಟ್ಟಮಲ್ಲಪ್ಪ ಆಗಲೇ ಕಳಿಸಿದ್ದಾನೆ.

ನಾನು ಅಪ್ಪನನ್ನು ಕರೆದುಕೊಂಡು ಅಂಗಡಿಗೆ ಹೋಗಿ ಕೇಳಿದೆ. ಅವನು ಗೋಡೆಯ ಫೋಟೋ ತೋರಿಸಿ ಹೇಳಿದ್ದು ಇದು: "ಲೇ ಹೊನ್ನಯ್ಯ, ಸರ್ಯಾಗಿ ನೋಡ್ಲಾ. ನಂದು ಪೂರ್ತಿ ಹೂವು. ನೀನು ನೇಯೋದು ಕುಂಟು ಹೂವು, ಒಂದು ಎಸಳೇ ಇರಕಿಲ್ಲ. ನನ್ನ ನೋಡಿ ಕದ್ದೋನು ನೀನು ಕಣ್ಲಾ."

ಕುಂಟು ಹೂವು! ಸೆರಗಿನ ಕೊನೆಯ ಹೂವಿಗೆ ಅಪ್ಪ ಬಲಗಡೆಯ ಒಂದು ಎಸಳನ್ನು ಬೇಕೆಂದೇ ಬಿಡುತ್ತಾನೆ. ಉಡುವವರಿಗೆ ದೃಷ್ಟಿ ತಾಕದಿರಲಿ ಅಂತ ಅವನು ನೇಯ್ದ ಒಂದೊಂದು ಸೀರೆಯಲ್ಲೂ ಹಾಗೆ ಬಿಟ್ಟಿದ್ದಾನೆ. ಇದು ನಿನಗೂ ಗೊತ್ತು. ಅದು ಆ ಫೋಟೋದಲ್ಲಿ ಹೇಗೆ ತುಂಬಿಕೊಂಡಿತು ಅಂತ ನನಗೆ ಗೊತ್ತಾಗುತ್ತಿಲ್ಲ. ದಾರಿಯಲ್ಲಿ ಅಪ್ಪ ಅಂದದ್ದು ಒಂದೇ ಮಾತು. "ಓಗ್ಲಿ ಬುಡವ್ವ. ಕಣ್ಣೇ ಓದ್ಮೇಲೆ ಯೆಸ್ರು ಕಟ್ಕಂಡು ಏನ್ ಮಾಡ್ಲಿ?"

ಹೌದು, ಅದನ್ನೂ ಮುಚ್ಚಿಟ್ಟಿದ್ದೆ. ಅಪ್ಪನ ಎರಡು ಕಣ್ಣಿಗೂ ಪೊರೆ. ಕನ್ನಡಕ ಹಾಕಿದರೂ ಎಳೆ ಕಾಣುವುದಿಲ್ಲ, ಬೆರಳಲ್ಲಿ ತಡವಿ ನೇಯುತ್ತಾನೆ. ಇನ್ನೊಂದು ಹೂವು ಅವನಿಂದ ಕಟ್ಟಲಾಗುವುದಿಲ್ಲ. ಈ ಅಂಚಿನ ಕೊನೆಯ ಸೀರೆ ಮಗ್ಗದ ಮೇಲಿದೆ. ಅದು ಮುಗಿದ ದಿನ ಪುಟ್ಟಮಲ್ಲಪ್ಪನ ಆಳು ಸೀರೆ ಒಯ್ಯುತ್ತಾನೆ, ಮಗ್ಗದ ಮೇಲಿನ ಹೂವಿನ ದಾರವನ್ನೆಲ್ಲ ಕತ್ತರಿಸಿ ಅವನು ಹೇಳಿದ ಬೇರೆ ಅಂಚಿಗೆ ಕಟ್ಟಬೇಕು. ಆಮೇಲೆ ಇದು ಅಪ್ಪನದು ಅನ್ನುವುದಕ್ಕೆ ಏನು ಉಳಿಯುತ್ತದೆ? ನೂಲು ತೊಡಕಾಗಿದೆ ಅಂತ ಸುಳ್ಳು ಹೇಳಿ ನಾನು ದಿನ ದೂಡುತ್ತಿದ್ದೇನೆ.

ಕೆಲಸ ಕೊಡಿಸಿದವನಿಗೆ ನೀನು ಹೇಳಿಬಿಡುತ್ತೀಯ ಅಂತ ಹೆದರಿ ಹೆಂಗಸರ ಫೋಟೋ ಅಂತ ಬರೆದೆ. ಬಟ್ಟೆಯನ್ನು ಹತ್ತು ಅಡಿ ದೂರದಿಂದ ನೋಡುವವರು ಕೊಳ್ಳುವವರು. ನೇಯುವವರು ಮೊಳದ ದೂರದಿಂದ ನೋಡುತ್ತಾರೆ. ನಾನು ಡಬ್ಬಿಯನ್ನೂ ಅಲ್ಲೇ ಇಟ್ಟೆ.

ಉತ್ತರ ಬರಲಿ.

ಭಾಗ್ಯಮ್ಮ


ಮೈಸೂರು
11-10-1953

ಅಕ್ಕ,

ಫೆಬ್ರವರಿಯಲ್ಲಿ ಪುಟ್ಟಮಲ್ಲಪ್ಪನವರು ಆ ಸೀರೆ ತಂದು ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಮಡಿಕೆ ಬಿಚ್ಚಿದ ಕೂಡಲೇ ಅಪ್ಪನ ಕೈ ಅಂತ ಗೊತ್ತಾಯಿತು. ಕೊನೆಯ ಹೂವಿನಲ್ಲಿ ಎಸಳು ಇರಲಿಲ್ಲ. ಯಜಮಾನರು ನೇಯ್ಗೆ ತಪ್ಪಿದೆ, ಫೋಟೋ ಮೂಡಿದ ಪ್ಲೇಟಿನ ಮೇಲೆ ತುಂಬಿಬಿಡು ಅಂದರು. ನಾನು ಕಡ್ಡಿ ಕೈಗೆತ್ತಿಕೊಳ್ಳಲಿಲ್ಲ. ಆಗ ಪುಟ್ಟಮಲ್ಲಪ್ಪನವರು ನನ್ನ ಮುಖ ನೋಡಿ, "ಏನ್ಲಾ ಚೌಡೇಶ, ತುಂಬ್ತೀಯಾ, ಇಲ್ಲಾ ಊರಿಗೆ ಬತ್ತೀಯಾ?" ಅಂದರು. "ತುಂಬ್ತೀನಿ ಸಾ" ಅಂದೆ.

ಆ ಎಸಳು ತುಂಬಿದವನು ನಾನು. ಗಾಜಿನ ಪ್ಲೇಟಿನ ಮೇಲೆ ಸೀಸದ ಕಡ್ಡಿಯಲ್ಲಿ ಎಳೆ ಎಳೆಯಾಗಿ ತುಂಬಿದೆ. ಎಷ್ಟು ಚೆನ್ನಾಗಿ ಬಂತು ಅಂದರೆ ಯಜಮಾನರು ಬೆನ್ನು ತಟ್ಟಿದರು. ಪದಕದ ವಿಷಯ, ಅರ್ಜಿಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತುಂಬುತ್ತಿರಲಿಲ್ಲ ಅಂತ ಬರೆಯಲು ಕೂತೆ, ಬರೆಯಲಾಗಲಿಲ್ಲ.

ಅಪ್ಪನ ಕಣ್ಣಿನ ವಿಷಯ ಯಾಕೆ ಬರೆಯಲಿಲ್ಲ ಅಂತ ಕೇಳುವ ಯೋಗ್ಯತೆ ನನಗಿಲ್ಲ.

ನೀನು ನಿಜ ಹೇಳಿದ್ದರೆ ಆ ಡಬ್ಬಿ ಕಳಿಸುತ್ತಿರಲಿಲ್ಲ. ಈಗ ಬೇರೆ ಕೊಳ್ಳಲು ದಿನವಿಲ್ಲ, ಅದರಲ್ಲೇ ಆಗುತ್ತದೆ. ಅಪ್ಪನ ಕನ್ನಡಕದ ಒಂದು ಗಾಜನ್ನು ಬಿಡಿಸು. ಬಿಸಿಲಲ್ಲಿ ನೆಲದ ಮೇಲೆ ಹಿಡಿದು ಮೇಲೆ ಕೆಳಗೆ ಮಾಡು. ಸೂರ್ಯ ಒಂದು ಸಣ್ಣ ಚುಕ್ಕೆಯಾಗುವ ಜಾಗ ಸಿಗುತ್ತದೆ. ಗಾಜಿನಿಂದ ನೆಲಕ್ಕೆ ಎಷ್ಟು ದೂರ ಅಂತ ದಾರದಲ್ಲಿ ಅಳೆದುಕೋ. ಆ ಗಾಜನ್ನು ಡಬ್ಬಿಯ ಗಾಜಿನ ಮುಂದೆ ಮೇಣದಿಂದ ಅಂಟಿಸಿ, ಬಟ್ಟೆಯಿಂದ ಅಷ್ಟೇ ದಾರದ ದೂರದಲ್ಲಿ ಡಬ್ಬಿ ಇಡು. ಒಂದು ಬೆರಳು ಹೆಚ್ಚು ಕಡಿಮೆ ಆದರೂ ಮಂಜಾಗುತ್ತದೆ. ಕೈಯಲ್ಲಿ ಹಿಡಿಯಬೇಡ, ಮಣೆಯ ಮೇಲೆ ಇಡು. ಬಿಸಿಲು ಬೇಕೇ ಬೇಕು. ಕೆಂಪು ರೇಷ್ಮೆ ಈ ಫಿಲ್ಮಿನಲ್ಲಿ ಕಪ್ಪಾಗಿ ಬರುತ್ತದೆ, ಹೆದರಬೇಡ, ಜರಿ ಎದ್ದು ಕಾಣುತ್ತದೆ.

ಚೌಡೇಶ


ಕೊಳ್ಳೇಗಾಲ
24-10-1953

ಹೊನ್ನಯ್ಯನ ಮಗನಿಗೆ,

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಲು ಹೋದೆ. ಕೊನೆಯಲ್ಲಿ ಗಾಜಿನ ವಿಷಯ ಇತ್ತು, ಅದಕ್ಕೆ ಉಳಿಯಿತು.

ಚೌಡೇಶ, ನಿನಗೆ ಎಳೆ ಎಳೆಯಾಗಿ ತುಂಬುವುದನ್ನು ಕಲಿಸಿದವರು ಯಾರು? ಐದು ವರ್ಷದವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಲ್ಲಿ ಎತ್ತು, ಇಲ್ಲಿ ಬಿಡು ಅಂತ ಬೆರಳು ಹಿಡಿದು ತೋರಿಸಿದವನು ಯಾರು? ಆ ಕಲಿತ ಕೈಯಲ್ಲೇ ಅವನನ್ನು ಕಳ್ಳ ಮಾಡಿದೆ. ಪುಟ್ಟಮಲ್ಲಪ್ಪ ಕದ್ದದ್ದು ಅಂಚು. ನೀನು ಅಪ್ಪನ ಗುರುತನ್ನೇ ಅಳಿಸಿದೆ. ನನ್ನ ಸಿಟ್ಟೆಲ್ಲ ಅವನಿಗೆ ಅಂತ ಎತ್ತಿಟ್ಟಿದ್ದೆ. ಈಗ ಅವನಿಗೆ ಮಿಕ್ಕಿಲ್ಲ, ಎಲ್ಲಾ ನಿನಗೇ ಸಾಲದು.

ಬುಧವಾರ ಸೆರಗಿನ ಕೊನೆಯ ಹೂವು ಮುಗಿಯಿತು. ಮನೆಯೊಳಗೆ ಬಿಸಿಲೆಲ್ಲಿ? ಏಣಿ ಹಾಕಿ ಸೂರು ಹತ್ತಿ ಮಗ್ಗದ ಮೇಲಿನ ಮೂವತ್ತು ನಲವತ್ತು ಹೆಂಚು ತೆಗೆದೆ. ಬೀದಿಯವರೆಲ್ಲ ಕೆಳಗೆ ನಿಂತರು. ದೇವೀರಮ್ಮತ್ತೆ, "ಅಯ್ಯೋ ಇಳಿಯೇ, ಮಳೆ ಬಂದ್ರೆ ಏನ್ ಮಾಡೀಯೇ? ಮಗ್ಗ ನೆಂದೋಯ್ತದೆ ಕಣೇ!" ಅಂತ ಬಾಯಿ ಬಡಿದುಕೊಂಡರು. ಬರಲಿ ಅಂದೆ. ಹನ್ನೆರಡು ಗಂಟೆಯ ಬಿಸಿಲು ನೆಟ್ಟಗೆ ಸೆರಗಿನ ಮೇಲೆ ಬಿತ್ತು. ದಾರ ಹಿಡಿದು ಅಳೆದು, ಮಣೆಯ ಮೇಲೆ ಡಬ್ಬಿ ಇಟ್ಟು ಎಂಟೂ ಹೊಡೆದೆ. ಅಪ್ಪ ಗುಂಡಿಯಲ್ಲಿ ಕೂತು ಮುಖಕ್ಕೆ ಬಿದ್ದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಮಾರನೆಯ ದಿನ ಆಳು ಬಂದು ಸೀರೆ ಒಯ್ದ. ದಾರ ಕತ್ತರಿಸಿಯಾಯಿತು.

ಫಿಲ್ಮು ಕಳಿಸಿದ್ದೇನೆ. ಆದರೆ ಇದೊಂದೇ ಸಾಲದು. ಪುಟ್ಟಮಲ್ಲಪ್ಪನ ಫೋಟೋದಲ್ಲಿ ಹೂವು ಪೂರ್ತಿ ಇರುವವರೆಗೂ ನಮ್ಮದು ಕುಂಟು ಹೂವೇ. ಆ ಪ್ಲೇಟಿನ ಮೇಲೆ ನೀನು ತುಂಬಿದ್ದನ್ನು ತೆಗೆ. ಹೇಗೆ ಅಂತ ನಿನಗೆ ಗೊತ್ತು. ತೆಗೆದು, ಇದ್ದದ್ದು ಇದ್ದ ಹಾಗೆ ಒಂದು ಫೋಟೋ ಹಾಕಿ, ಸ್ಟುಡಿಯೋದ ಮೊಹರು ಒತ್ತಿ, ತಾರೀಖು ಬರೆದು ಕಳಿಸು. ಇದು ಕೋರಿಕೆಯಲ್ಲ.

ಭಾಗ್ಯಮ್ಮ


ಮೈಸೂರು
10-11-1953

ಅಕ್ಕ,

ಇದರ ಜೊತೆ ಎರಡು ಫೋಟೋ ಇವೆ. ಒಂದು ನಿನ್ನದು. ಎಂಟರಲ್ಲಿ ಎರಡು ಬಂದಿವೆ, ಅದರಲ್ಲಿ ಒಂದರ ನೇಯ್ಗೆಯ ಎಳೆ ಎಣಿಸಬಹುದು. ಇಷ್ಟು ಸ್ಪಷ್ಟವಾಗಿ ಡಬ್ಬಿ ಕ್ಯಾಮೆರಾದಲ್ಲಿ ತೆಗೆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಫೆಬ್ರವರಿಯ ಪ್ಲೇಟಿನದು. ನಾನು ತುಂಬಿದ ಎಸಳನ್ನು ಟರ್ಪೆಂಟೈನ್ ಹತ್ತಿಯಲ್ಲಿ ಒರೆಸಿ ತೆಗೆದೆ. ಮೊಹರು, ತಾರೀಖು, ತೆಗೆಸಿದವರ ಹೆಸರು ಹಿಂದೆ ಇದೆ. ಎರಡನ್ನೂ ಪಕ್ಕಪಕ್ಕ ಅಂಟಿಸು. ಎಸಳು ಬಿಟ್ಟ ಜಾಗ ಒಂದೇ.

ಇನ್ನು ಮೇಲೆ ಸ್ಟುಡಿಯೋ ವಿಳಾಸಕ್ಕೆ ಬರೆಯಬೇಡ. ಕೇರಾಫ್ ಮಾರಯ್ಯ, ಸೌದೆ ಡಿಪೋ, ನಂಜನಗೂಡು ರಸ್ತೆ ಅಂತ ಬರೆದರೆ ತಲುಪುತ್ತದೆ.

ಚೌಡೇಶ


ಕೊಳ್ಳೇಗಾಲ
17-1-1954

ಚೌಡೇಶ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ.

ಎರಡೂ ಫೋಟೋ ಅಂಟಿಸಿ ಕಳಿಸಿದ ಅರ್ಜಿಗೆ ಮೊನ್ನೆ ಕೊಯಮತ್ತೂರಿನಿಂದ ಕಾಗದ ಬಂತು. ತಮಿಳಿನಲ್ಲಿತ್ತು, ಶಾಲೆಯ ಮೇಷ್ಟ್ರು ಬೀದಿಯಲ್ಲಿ ನಿಂತು ಓದಿ ಹೇಳಿದರು. ಎರಡು ಸೀರೆಯೂ ಒಂದೇ ಕೈಯದು, ಒಂದೇ ಕಡೆ ಒಂದೇ ಎಸಳು ಬಿಟ್ಟಿದೆ, ಅರ್ಜಿದಾರ ಪುಟ್ಟಮಲ್ಲಪ್ಪನವರು ಕೊಟ್ಟ ಫೋಟೋ ತಿದ್ದಿದ್ದು ಅಂತ ತೀರ್ಮಾನವಾಗಿದೆ. ಸಂಘದ ಪುಸ್ತಕದಲ್ಲಿ ತಾವರೆ ಅಂಚು, ಕೊಳ್ಳೇಗಾಲ ಹೊನ್ನಯ್ಯ ಅಂತ ಬರೆದಾಯಿತು. ಅಪ್ಪ ಮೇಷ್ಟ್ರ ಕೈಯಲ್ಲಿ ಅದೊಂದು ಸಾಲನ್ನು ನಾಲ್ಕು ಸಲ ಓದಿಸಿದ.

ಪುಟ್ಟಮಲ್ಲಪ್ಪ ನಮಗೆ ನೂಲು ಕೊಡುವುದನ್ನು ನಿಲ್ಲಿಸಿದ್ದಾನೆ. ಸಂಘದ ನೂಲು ಬರುತ್ತಿದೆ, ಈಗ ನಾನು ಗುಂಡಿಗೆ ಇಳಿದು ನೇಯುತ್ತೇನೆ. ಅಂಗಡಿಯ ಗೋಡೆಯಿಂದ ಅವನು ಆ ಫೋಟೋ ತೆಗೆದಿಲ್ಲ. ಅಷ್ಟು ಭಂಡ.

ಸೌದೆ ಡಿಪೋ ವಿಳಾಸ ನೋಡಿದಾಗಲೇ ನಿನ್ನ ಕೆಲಸ ಹೋಗಿದೆ ಅಂತ ತಿಳಿಯಿತು. ಅಯ್ಯೋ ಪಾಪ ಅಂತ ನಾನು ಅನ್ನುವುದಿಲ್ಲ. ಆಗಸ್ಟಿನಲ್ಲೇ ನಾನು ನಿಜ ಬರೆದಿದ್ದರೆ ಆ ಗಾಜಿನ ಉಪಾಯ ನೀನು ಆಗಲೇ ಹೇಳುತ್ತಿದ್ದೆಯೋ ಏನೋ. ಅದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ. ಎಸಳು ನನ್ನ ತಪ್ಪಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಅಲ್ಲ ಕಣವ್ವ, ಕನ್ನಡ್ಕದ ಗಾಜು ಮುಂದ್ಕೆ ಇಡೋ ಉಪಾಯ ನಿಂಗೆ ಯಾರ್ ಯೋಳ್ಕೊಟ್ರು? ಆ ಇನ್ನೊಂದು ಫೋಟೋ ಯಾರ್ ಕಳ್ಸುದ್ರು? ಅವ್ರ ಯೆಸ್ರು ಯೋಳವ್ವ, ಬದುಕಿರೋಗಂಟ ನೆನೀತೀನಿ."

ನಾನು ಯಾರ ಹೆಸರೂ ಹೇಳಲಿಲ್ಲ. ಮೈಸೂರಿನಲ್ಲಿ ಯಾರೋ ಒಬ್ಬರು ಅಂದೆ. ಅಪ್ಪ ಆ ಯಾರೋ ಒಬ್ಬರಿಗೆ ಕೈ ಮುಗಿದ.

ಹೆಸರಿಲ್ಲದೆ ಇರುವುದು ಹೇಗಿರುತ್ತದೆ ಅಂತ ನೀನೂ ಸ್ವಲ್ಪ ದಿನ ನೋಡು. ಹೇಳಲೇಬೇಕು ಅನ್ನಿಸಿದರೆ ನೀನೇ ಬಂದು ಹೇಳು. ಬೀದಿಯಲ್ಲಿ ಬೇಡ, ಅಪ್ಪನ ಎದುರು ಕೂತು ಹೇಳು. ಗಾಜಿನ ವಿಷಯಕ್ಕಿಂತ ಮೊದಲು ಎಸಳಿನ ವಿಷಯ ಹೇಳು.

ಭಾಗ್ಯಮ್ಮ